ಔಷಧಿ ಒಂದೇ, ರೇಟು ಬೇರೆ: ಭಾಗ 3

ಸ್ತನ ಕ್ಯಾನ್ಸರ್ ಎಲ್ಲಾ ಒಂದೇ ಥರ ಅಲ್ಲ, ಗೊತ್ತಾ? ಸುಮಾರು ಐದರಲ್ಲಿ ಒಂದು ಕೇಸಲ್ಲಿ ಕ್ಯಾನ್ಸರ್ ಜೀವಕೋಶದ ಮೇಲೆ ಹರ್-2 ಅನ್ನೋ ಪ್ರೋಟೀನ್ ವಿಪರೀತ ಇರುತ್ತೆ. ಅದನ್ನೇ ಗುರಿ ಇಟ್ಟು ಹಿಡಿಯೋ ಔಷಧಿ ಟ್ರಾಸ್ಟುಜುಮಾಬ್. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ.

ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದ್ದ ಮಹಿಳೆಯರ ಟ್ರಯಲ್ 2001ರಲ್ಲಿ ಪ್ರಕಟವಾಯ್ತು. ಬರೀ ಕೀಮೋ ಶುರು ಮಾಡಿದವರ ಬದುಕಿನ ಮೀಡಿಯನ್ 20.3 ತಿಂಗಳು. ಜೊತೆಗೆ ಈ ಔಷಧಿಯನ್ನೂ ತಗೊಂಡವರದ್ದು 25.1. ಹೌದು, ನಮ್ಮ ಸ್ಟಾಟಿಸ್ಟಿಕ್ಸ್ ಕ್ಲಾಸಿನ ಅದೇ ಮೀಡಿಯನ್! 2015ರ ಇನ್ನೊಂದು ಟ್ರಯಲ್‌ನಲ್ಲಿ ಪರ್ಟುಜುಮಾಬ್ ಕೂಡ ಸೇರಿಸಿದಾಗ ಅದು 56.5 ತಿಂಗಳಿಗೆ ಹೋಯ್ತು.

ಆದ್ರೆ ಟ್ರಯಲ್‌ನ ಹೊರಗೆ ಬಿಲ್ ಇರುತ್ತೆ. ಇಲ್ಲೇ ಬೆಂಗಳೂರು ಕಥೆಗೆ ಬರೋದು. 2013ರಲ್ಲಿ ರೋಶ್ ಕಂಪನಿ ಭಾರತದಲ್ಲಿ ಇದರ ಪೇಟೆಂಟ್ ಕೈಬಿಟ್ಟಿತು. 2014ರ ಶುರುವಿನಲ್ಲಿ ಬಯೋಕಾನ್ ಇದರ ಬಯೋಸಿಮಿಲರ್, ಅಂದ್ರೆ ಮೂಲ ಔಷಧಿಯಷ್ಟೇ ಕೆಲಸ ಮಾಡೋ ಹೋಲಿಕೆಯ ಔಷಧಿ, ಮಾರುಕಟ್ಟೆಗೆ ತಂತು. ಹೆಸರು ಕ್ಯಾನ್‌ಮ್ಯಾಬ್. ಆಗ ರೇಟು ಸುಮಾರು 25% ಕಮ್ಮಿ ಇತ್ತು. ಆದ್ರೂ 440 ಮಿಲಿಗ್ರಾಂಗೆ 57,500 ರೂಪಾಯಿ ಇತ್ತು! 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮಾಬನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಕಕ್ಕಬೆ ಲೆಕ್ಕ ಹಾಕಿ. ಸಾಮಾನ್ಯವಾಗಿ ಮೂರು ವಾರಕ್ಕೊಂದು ಡೋಸ್, ಔಷಧಿ ಕೆಲಸ ಮಾಡೋವರೆಗೂ. ನಡುನಡುವೆ ಹೃದಯದ ಪರೀಕ್ಷೆ. ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕು ಅಂದ್ರೆ ಬಸ್ಸು, ಜೊತೆಗೊಬ್ಬರು, ತೋಟದ ಕೆಲಸದ ಕೂಲಿ ನಷ್ಟ, ಮೇಲೆ ನಮ್ಮ ಜೂನ್-ಜುಲೈ ಮಳೆ. ನಾಲ್ಕು ಡೋಸ್ ತಪ್ಪಿದವರಿಗೆ ಆ 25.1 ಅನ್ವಯಿಸಲ್ಲ. ಔಷಧಿಯ ನಿಜವಾದ ಶಕ್ತಿ ಅದು ಎಷ್ಟು ಜನರ ಕೈಗೆ, ಎಷ್ಟು ದಿನ ಸಿಗುತ್ತೆ ಅನ್ನೋದರಲ್ಲಿದೆ.

ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇದ್ರೆ ಡಾಕ್ಟರ್ ಹತ್ರ ಎರಡೇ ಪ್ರಶ್ನೆ ಕೇಳಿ: ಹರ್-2 ಟೆಸ್ಟ್ ಆಗಿದೆಯಾ? ಬಯೋಸಿಮಿಲರ್ ಸಿಗುತ್ತಾ?

ಸೇವ್ ಮಾಡ್ಕೊಳ್ಳಿ, ಅಮ್ಮನಿಗೂ ಓದಿ ಹೇಳಿ.

#ಕಕ್ಕಬೆ #ಕೊಡಗು #ಔಷಧಿಯಇತಿಹಾಸ