ಕಡೂರು ಸೀಮೆಯ ಹಿತ್ತಿಲು ಛಾಯಾಗ್ರಹಣ: ಹಗಲು ಚಿಟ್ಟೆ, ಇರುಳು ನಕ್ಷತ್ರ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕ್ಯಾಮೆರಾ ಹಿಡಿದವರು ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಎನ್ನುತ್ತಾರೆ. ಅದೇ ಜಿಲ್ಲೆಯ ಕಡೂರು, ಅಜ್ಜಂಪುರಗಳ ಬಯಲು ಮತ್ತು ತರೀಕೆರೆಯ ಅರೆಮಲೆನಾಡು ಅವರ ಪಾಲಿಗೆ ದಾರಿಯಲ್ಲಿ ಸಿಗುವ ಊರುಗಳು ಅಷ್ಟೆ. ಆದರೆ ಇರುಳಿನ ಆಕಾಶವನ್ನೂ ಮನೆಯ ಸುತ್ತಲಿನ ಹುಳು-ಹಕ್ಕಿಗಳನ್ನೂ ಚಿತ್ರ ತೆಗೆಯುವ ಹವ್ಯಾಸಕ್ಕೆ ಗಿರಿಗಿಂತ ಈ ಸೀಮೆಯೇ ವಾಸಿ. ಬೆಟ್ಟದ ಮೇಲೆ ಮೋಡ ಯಾವಾಗ ಮುತ್ತುತ್ತದೋ ಹೇಳಲಾಗದು, ಕತ್ತಲಾದ ಮೇಲೆ ಅಲ್ಲಿರಲು ನಿರ್ಬಂಧವೂ ಉಂಟು. ಮನೆಯ ತಾರಸಿಗೆ, ಹಿತ್ತಿಲಿಗೆ, ಸುಗ್ಗಿ ಮುಗಿದ ಕಣಕ್ಕೆ ಯಾರ ಅಪ್ಪಣೆಯೂ ಬೇಡ.

ಮಳೆನೆರಳಿನ ಲಾಭ

ಕಡೂರು ಪಟ್ಟಣ ಇರುವುದು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 760 ಮೀಟರ್ ಆಸುಪಾಸಿನ ಎತ್ತರದಲ್ಲಿ. ಪಶ್ಚಿಮದಿಂದ ಬರುವ ಮುಂಗಾರಿನ ಮೋಡವನ್ನು ಬಾಬಾಬುಡನ್ ಗಿರಿಸಾಲು ತಡೆದು ಇಳಿಸಿಕೊಳ್ಳುತ್ತದೆ. ಅದೇ ಜಿಲ್ಲೆಯ ಶೃಂಗೇರಿ ಕಡೆ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಸುರಿದರೆ ಕಡೂರಿಗೆ ಸಿಗುವುದು ಆರೇಳು ನೂರು. ರೈತನಿಗೆ ಇದು ಕೊರತೆ, ನಕ್ಷತ್ರ ನೋಡುವವನಿಗೆ ವರ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಇಲ್ಲಿ ವಾರಗಟ್ಟಲೆ ಮೋಡವಿಲ್ಲದ ರಾತ್ರಿಗಳು ಸಿಗುತ್ತವೆ.

ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿಯ ಭದ್ರಾ ಜಲಾಶಯದ ಕಡೆ ಹೋದಂತೆ ಚಿತ್ರ ಬದಲಾಗುತ್ತದೆ. ಕಾಡು, ತೇವ, ಬೆಳಗಿನ ಜಾವದ ಮಂಜು ಹೆಚ್ಚು. ಆದ್ದರಿಂದ ಆಕಾಶಕ್ಕೆ ಕಡೂರು, ಅಜ್ಜಂಪುರ ಮೇಲು. ಹುಳು, ಕಪ್ಪೆ, ಹಕ್ಕಿಗಳಿಗೆ ತರೀಕೆರೆಯ ತೋಟ ಮೇಲು.

ಮಳೆ ನಕ್ಷತ್ರವನ್ನು ತಿರುಗಿಸಿ ಓದುವುದು

ಈ ಭಾಗದ ರೈತರು ಮಳೆಯನ್ನು ಲೆಕ್ಕ ಹಾಕುವುದು ತಿಂಗಳಿನಿಂದಲ್ಲ; ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಮಳೆ ನಕ್ಷತ್ರಗಳಿಂದ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆಗ ಬೀಳುವುದು ಆ ಹೆಸರಿನ ಮಳೆ. ಅಂದರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ದಿನಗಳಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ರಾತ್ರಿ ಕಾಣುವುದೇ ಇಲ್ಲ. ನಡುರಾತ್ರಿ ಆಕಾಶದ ನಡುವೆ ಇರುವುದು ಅದಕ್ಕೆ ನೇರ ಎದುರಿನ, ಹದಿಮೂರು ಹದಿನಾಲ್ಕು ನಕ್ಷತ್ರಗಳಾಚೆಯದು. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರ ನೋಡಿ ಅಷ್ಟು ಮುಂದಕ್ಕೆ ಎಣಿಸಿದರೆ ಆ ರಾತ್ರಿ ಕ್ಯಾಮೆರಾ ಎಲ್ಲಿಗೆ ತಿರುಗಿಸಬೇಕೆಂದು ತಿಳಿಯುತ್ತದೆ.

ಹೀಗೆ ಎಣಿಸಿದಾಗ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. ಆರಿದ್ರಾ ಮಳೆ ಹೂಡುವುದು ಜೂನ್ 21ರ ಸುಮಾರಿಗೆ. ಅದರ ಎದುರಿಗಿರುವುದು ಮೂಲ ಮತ್ತು ಪೂರ್ವಾಷಾಢ, ಎಂದರೆ ಧನು ರಾಶಿಯ ಕಡೆ. ಆಕಾಶಗಂಗೆಯ ಕೇಂದ್ರ ಇರುವುದೂ ಅಲ್ಲೇ. ಆಕಾಶಗಂಗೆಯ ಅತಿ ಸೊಗಸಾದ ಭಾಗ ನಡುರಾತ್ರಿ ನೆತ್ತಿಯ ದಕ್ಷಿಣಕ್ಕೆ ಏರುವ ಹೊತ್ತಿಗೇ ಕರ್ನಾಟಕದ ಮೇಲೆ ಮೋಡ ಕವಿದಿರುತ್ತದೆ. ಉತ್ತರ ಗೋಳದ ಪುಸ್ತಕಗಳೂ ಯೂಟ್ಯೂಬ್ ಪಾಠಗಳೂ ಆಕಾಶಗಂಗೆಗೆ ಜೂನ್, ಜುಲೈ, ಆಗಸ್ಟ್ ಎಂದು ಹೇಳುವುದನ್ನು ಇಲ್ಲಿ ಪಾಲಿಸಿದರೆ ಲೆನ್ಸಿಗೆ ಬೂಷ್ಟು ಹಿಡಿಯುವುದಷ್ಟೇ ಲಾಭ.

ನಮಗೆ ದಕ್ಕುವ ಕಾಲ ಬೇರೆ. ಮಾರ್ಚ್ ಆರಂಭದಲ್ಲಿ ಆಕಾಶಗಂಗೆಯ ಕೇಂದ್ರ ಮೂಡುವುದು ರಾತ್ರಿ ಎರಡು ಗಂಟೆ ದಾಟಿದ ಮೇಲೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಮೂಡುವುದರಿಂದ ಏಪ್ರಿಲ್ ನಡುವಿನ ವೇಳೆಗೆ ಅದು ಹನ್ನೊಂದೂಕಾಲು, ಹನ್ನೊಂದೂವರೆಗೆಲ್ಲ ಬಂದಿರುತ್ತದೆ. ಭರಣಿ, ಕೃತ್ತಿಕೆಯ ಗುಡುಗು ಮಳೆ ಬಂದು ಹೋದ ರಾತ್ರಿಗಳನ್ನು ಬಿಡಬಾರದು. ಗಾಳಿಯ ದೂಳೆಲ್ಲ ತೊಳೆದುಹೋಗಿ, ಮೋಡ ಸರಿದ ಒಂದೆರಡು ಗಂಟೆ ಆಕಾಶ ಜನವರಿಗಿಂತಲೂ ಶುಭ್ರವಾಗಿರುತ್ತದೆ.

ಉಲ್ಕೆಗಳಿಗೂ ಇದೇ ಮಾತು. ಜಗತ್ತೆಲ್ಲ ಕೊಂಡಾಡುವ ಪರ್ಸಿಯಿಡ್ ಉಲ್ಕಾವೃಷ್ಟಿ ಆಗಸ್ಟ್ 12-13ಕ್ಕೆ, ಆಶ್ಲೇಷ ಮಳೆಯ ನಡುವೆ ಬರುತ್ತದೆ, ನಮಗೆ ದಂಡ. ನಮ್ಮ ಪಾಲಿನದು ಡಿಸೆಂಬರ್ 13-14ರ ರಾತ್ರಿಯ ಜೆಮಿನಿಡ್. ಅದರ ಮೂಲ 3200 ಫೇಥಾನ್ ಎಂಬ ಕ್ಷುದ್ರಗ್ರಹ. ರಾತ್ರಿ ಎರಡು ಗಂಟೆಯ ಸುಮಾರಿಗೆ ಮಿಥುನ ರಾಶಿ ನೆತ್ತಿಯ ಹತ್ತಿರ ಇರುವುದರಿಂದ ಯಾವ ದಿಕ್ಕಿಗೆ ಕ್ಯಾಮೆರಾ ಇಟ್ಟರೂ ಸರಿ. ಚಂದ್ರ ಇಲ್ಲದ ವರ್ಷವಾಗಿರಬೇಕು, ಅಷ್ಟೆ.

ದಕ್ಷಿಣದ ದಿಗಂತ

ನಮ್ಮ ಅಕ್ಷಾಂಶದ ಬೆಲೆ ನಮಗೆ ಗೊತ್ತಿಲ್ಲ. ಧನು ರಾಶಿಯ ಆ ಕೇಂದ್ರ ಲಂಡನ್ನಿನಲ್ಲಿ ದಿಗಂತಕ್ಕೆ ಅಂಟಿಕೊಂಡೇ ಹಾದುಹೋದರೆ ಕಡೂರಿನಲ್ಲಿ 47 ಡಿಗ್ರಿಯವರೆಗೆ ಏರುತ್ತದೆ. ಅಗಸ್ತ್ಯ ನಕ್ಷತ್ರ 23 ಡಿಗ್ರಿಗೂ ಮೇಲೆ ಬರುತ್ತದೆ. ಬರಿಗಣ್ಣಿಗೆ ಮಸುಕು ಚುಕ್ಕೆಯಾಗಿ ಕಾಣುವ, ಲಕ್ಷಾಂತರ ನಕ್ಷತ್ರಗಳ ಗುಚ್ಛವಾದ ಒಮೆಗಾ ಸೆಂಟಾರಿ 29 ಡಿಗ್ರಿ ಏರುತ್ತದೆ. ಯುರೋಪಿನ ಹವ್ಯಾಸಿಗಳು ಇವೆರಡಕ್ಕಾಗಿ ವಿಮಾನ ಹತ್ತುತ್ತಾರೆ. ತ್ರಿಶಂಕು ಎಂದು ನಾವು ಕರೆಯುವ ದಕ್ಷಿಣದ ಶಿಲುಬೆಯ ಕೆಳತುದಿ 13 ಡಿಗ್ರಿ ಎತ್ತರದಲ್ಲಿ, ಮಾರ್ಚ್ ಕೊನೆಗೆ ನಡುರಾತ್ರಿಯಲ್ಲೂ ಮೇ ಮೊದಲ ವಾರ ರಾತ್ರಿ ಹತ್ತರ ಸುಮಾರಿಗೂ ನೇರ ದಕ್ಷಿಣದಲ್ಲಿ ನಿಲ್ಲುತ್ತದೆ. ಉತ್ತರದ ಆಂಡ್ರೊಮೆಡಾ ಗೆಲಾಕ್ಸಿಯೂ 60 ಡಿಗ್ರಿ ದಾಟುತ್ತದೆ. ಎರಡು ಗೋಳದ ಬುತ್ತಿಯೂ ಒಂದೇ ಅಂಗಳದಲ್ಲಿ.

ಇದಕ್ಕೆಲ್ಲ ತಗ್ಗಿನ ದಿಗಂತ ಬೇಕು. ಕಡೂರು-ಅಜ್ಜಂಪುರದ ಹುಲ್ಲುಗಾವಲು ಕಾವಲುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿದ್ದು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಗೋತಳಿಗೆ ಮೀಸಲಿಟ್ಟ ನೆಲ ಇದು. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯ ಸಂವರ್ಧನಾ ಕೇಂದ್ರ ಇದೆ.

ಅಡಿಕೆ ಮರವೂ ಧ್ರುವ ನಕ್ಷತ್ರವೂ

ಭೂಮಿ ತಿರುಗುವುದರಿಂದ ದೀರ್ಘ ಎಕ್ಸ್‌ಪೋಷರಿನಲ್ಲಿ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಅದನ್ನು ತಪ್ಪಿಸಲು ಕ್ಯಾಮೆರಾವನ್ನೂ ಅದೇ ವೇಗದಲ್ಲಿ ತಿರುಗಿಸುವ ಟ್ರ್ಯಾಕರ್ ಬೇಕು. ಟ್ರ್ಯಾಕರಿನ ಅಕ್ಷ ಧ್ರುವದ ಕಡೆ ಇರಬೇಕು. ಧ್ರುವದ ಎತ್ತರ ಊರಿನ ಅಕ್ಷಾಂಶದಷ್ಟೇ. ಅಂದರೆ ಇಲ್ಲಿ ಹದಿಮೂರೂವರೆ ಡಿಗ್ರಿ ಚಿಲ್ಲರೆ. ಹದಿನಾಲ್ಕು ಮೀಟರ್ ಎತ್ತರದ ಅಡಿಕೆ ತೋಟ ಮನೆಯ ಉತ್ತರಕ್ಕಿದ್ದರೆ ಕನಿಷ್ಠ ಅರವತ್ತು ಮೀಟರ್ ದೂರ ನಿಂತರೆ ಮಾತ್ರ ಗರಿಗಳ ಮೇಲೆ ಧ್ರುವ ನಕ್ಷತ್ರ ಇಣುಕುತ್ತದೆ. ತೋಟದ ಮನೆಗಳಲ್ಲಿ ಅಷ್ಟು ಬಯಲು ಎಲ್ಲಿಂದ ಬರಬೇಕು?

ಪರಿಹಾರ ಇದೆ. 50 ಮಿ.ಮೀ. ಒಳಗಿನ ಲೆನ್ಸಿಗೆ ಧ್ರುವವನ್ನು ಕಣ್ಣಾರೆ ನೋಡಬೇಕಿಲ್ಲ. ಮೊಬೈಲಿನ ದಿಕ್ಸೂಚಿಯಿಂದ ಉತ್ತರ ಹಿಡಿದು, ಇಳಿಜಾರು ಅಳೆಯುವ ಆ್ಯಪಿನಲ್ಲಿ ಹದಿಮೂರೂವರೆ ಡಿಗ್ರಿ ಕೂರಿಸಿದರೆ ಒಂದೆರಡು ನಿಮಿಷದ ಎಕ್ಸ್‌ಪೋಷರ್ ಸಾಗುತ್ತದೆ. ಟ್ರ್ಯಾಕರನ್ನೂ ಕೊಳ್ಳಲೇಬೇಕೆಂದಿಲ್ಲ. ಎರಡು ಹಲಗೆ, ಒಂದು ಹಿಂಜಸ್, ಥ್ರೆಡ್ ಅಂತರ 1 ಮಿ.ಮೀ. ಇರುವ 6 ಮಿ.ಮೀ. ಬೋಲ್ಟು ಸಾಕು. ಹಿಂಜಸಿನ ಕಡ್ಡಿಯಿಂದ ಸರಿಯಾಗಿ 22.85 ಸೆಂ.ಮೀ. ದೂರಕ್ಕೆ ಬೋಲ್ಟು ಹಾಕಿ, ಗಡಿಯಾರ ನೋಡುತ್ತ ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಬಡಗಿಗೆ ಅರ್ಧ ದಿನದ ಕೆಲಸ.

ಸಲಕರಣೆ

ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್, ಅಲುಗದ ಟ್ರೈಪಾಡ್. ಮೊದಲ ವರ್ಷಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಟ್ರ್ಯಾಕರ್ ಇಲ್ಲದಿದ್ದರೆ 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದಷ್ಟು ಸೆಕೆಂಡು ಶಟರ್ ತೆರೆದಿಡಬಹುದು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 18 ಮಿ.ಮೀ. ಎಂದರೆ ಲೆಕ್ಕಕ್ಕೆ 27 ಮಿ.ಮೀ., ಹಾಗಾಗಿ ಹದಿನೆಂಟು ಸೆಕೆಂಡು. ಫೋಕಸ್ ಆಟೋದಲ್ಲಿ ಕೂರುವುದಿಲ್ಲ. ಲೈವ್ ವ್ಯೂನಲ್ಲಿ ಹೊಳೆಯುವ ನಕ್ಷತ್ರವೊಂದನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ರಿಂಗನ್ನು ಕೈಯಲ್ಲೇ ತಿರುಗಿಸಬೇಕು.

ಒಂದೇ ಚಿತ್ರದಲ್ಲಿ ತೃಪ್ತಿಪಡಬಾರದು. ಅದೇ ಭಾಗದ ಹದಿನಾರು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಕಾಳುಕಾಳಾದ ಗದ್ದಲ ಕಾಲು ಭಾಗಕ್ಕಿಳಿಯುತ್ತದೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಆಕಾಶದ ನಕ್ಷೆಗೆ ಸ್ಟೆಲೇರಿಯಂ ಸಾಕು. ಕನ್ನಡದಲ್ಲೇ ಆಕಾಶ ಪರಿಚಯ ಬೇಕೆಂದರೆ ಜಿ.ಟಿ. ನಾರಾಯಣರಾಯರ ಪುಸ್ತಕಗಳು ಇಂದಿಗೂ ಹಳತಾಗಿಲ್ಲ.

ಹಗಲಿನ ಹಿತ್ತಿಲು

ಆಕಾಶ ಮುಚ್ಚಿದ ಜೂನ್-ಸೆಪ್ಟೆಂಬರಿನಲ್ಲೇ ಹಿತ್ತಿಲು ತೆರೆದುಕೊಳ್ಳುತ್ತದೆ. ಎರಡೂ ಹವ್ಯಾಸವನ್ನು ಒಬ್ಬರೇ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಕರಿಬೇವಿನ ಗಿಡವೊಂದೇ ಸಾಕು. ನಿಂಬೆ ಚಿಟ್ಟೆ ಅದರ ಎಳೆ ಚಿಗುರಿನ ಮೇಲೆ ಒಂದೊಂದಾಗಿ, ಗುಂಡಗಿನ ಮಾಸಲು ಹಳದಿ ಮೊಟ್ಟೆ ಇಡುತ್ತದೆ. ಹೊರಬಂದ ಮರಿಹುಳು ಕಪ್ಪು ಮೈ, ನಡುವೆ ಬಿಳಿ ಮಚ್ಚೆ ಹೊತ್ತು ಥೇಟ್ ಹಕ್ಕಿಯ ಹಿಕ್ಕೆಯಂತಿರುತ್ತದೆ. ತಿನ್ನಲು ಬಂದ ಹಕ್ಕಿ ಅಸಹ್ಯಪಟ್ಟು ಹೋಗಲಿ ಎಂದು. ಪೊರೆ ಕಳಚುತ್ತ ಕೊನೆಯ ಹಂತಕ್ಕೆ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಆಗ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬು ಹೊರಬಂದು ಕಟು ವಾಸನೆ ಬರುತ್ತದೆ. ಕೋಶ ಕಟ್ಟುವಾಗ ಕಡ್ಡಿಗೆ ರೇಷ್ಮೆಯ ಎಳೆಯೊಂದನ್ನು ಸೊಂಟಪಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಸುತ್ತಲಿನ ಬಣ್ಣ ನೋಡಿ ಕೋಶ ಹಸಿರೋ ಕಂದೋ ಆಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಮೂರು ನಾಲ್ಕು ವಾರದ ಈ ಕಥೆಯನ್ನು ಒಂದೇ ಗಿಡದಲ್ಲಿ ಪೂರ್ತಿಯಾಗಿ ತೆಗೆಯಬಹುದು. ಮ್ಯಾಕ್ರೋ ಲೆನ್ಸ್ ಇಲ್ಲದವರು ಇರುವ ಲೆನ್ಸನ್ನೇ ರಿವರ್ಸ್ ರಿಂಗಿನಲ್ಲಿ ತಿರುಗಿಸಿ ಹಾಕುತ್ತಾರೆ. ಆಗ ಸ್ಪಷ್ಟವಾಗಿ ಕಾಣುವ ಆಳ ಮಿಲಿಮೀಟರಿನ ಲೆಕ್ಕದ್ದು, ಆದ್ದರಿಂದ ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತೇ ಸರಿ.

ಮಳೆ ಹಿಡಿದಾಗ ತೆಂಗಿನ ಗರಿಗೂ ಬಾವಿಯ ಮೇಲೆ ಬಾಗಿದ ಜಾಲಿಗೂ ಗೀಜಗ ಗೂಡು ನೇಯುತ್ತದೆ. ನೇಯುವುದು ಗಂಡು. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮುಂದಿನ ಕೆಲಸ, ಇಲ್ಲವಾದರೆ ಅದನ್ನು ಬಿಟ್ಟು ಇನ್ನೊಂದು. ಮರದಲ್ಲಿ ನೇತಾಡುವ ಅರೆಬರೆ ಗೂಡುಗಳೆಲ್ಲ ಈ ತಿರಸ್ಕಾರದ ಲೆಕ್ಕ. ಸೂರಕ್ಕಿ, ಮಡಿವಾಳ, ಪಿಕಳಾರ, ಕೆಂಬೂತಗಳು ವರ್ಷವಿಡೀ ಇರುವವು.

ಮನೆಯ ಸುತ್ತಲಿನದನ್ನೇ ಜೀವನಪೂರ್ತಿ ನೋಡಬಹುದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಪೂರ್ಣಚಂದ್ರ ತೇಜಸ್ವಿ (1938-2007) ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದರು, 'ಕನ್ನಡ ನಾಡಿನ ಹಕ್ಕಿಗಳು' ಬರೆದರು. ರೀಲಿನ ಕಾಲ ಅದು. ಚಿತ್ರ ಬಂದಿದೆಯೋ ಇಲ್ಲವೋ ರೀಲು ತೊಳೆಸಿದ ಮೇಲೇ ಗೊತ್ತಾಗುತ್ತಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರದೂ ಅದೇ ತಾಳ್ಮೆಯ ಪೀಳಿಗೆ.

ಮಿಂಚುಹುಳು

ಮೇ ಕೊನೆ, ಜೂನ್ ಮೊದಲಿಗೆ, ಒಂದೆರಡು ಹದ ಮಳೆ ಬಿದ್ದ ಮೇಲೆ ತರೀಕೆರೆ ಕಡೆಯ ತೋಟಗಳಲ್ಲಿ ಮಿಂಚುಹುಳು ಏಳುತ್ತವೆ. ನಕ್ಷತ್ರಕ್ಕೆ ಕಲಿತ ವಿದ್ಯೆಯೇ ಇಲ್ಲಿಗೂ: ಅಲುಗದ ಟ್ರೈಪಾಡ್, 20-30 ಸೆಕೆಂಡಿನ ಹತ್ತಾರು ಚಿತ್ರ, ಆಮೇಲೆ ಹೊಳಪಿನ ಭಾಗವನ್ನಷ್ಟೇ ಕೂಡಿಸುವುದು. ಟಾರ್ಚ್ ಮಾತ್ರ ಹಾಕಬಾರದು. ಆ ಮಿನುಗು ಗಂಡು-ಹೆಣ್ಣಿನ ಸಂಕೇತ. ನಮ್ಮ ಬೆಳಕು ಬಿದ್ದರೆ ಸಂಕೇತ ತಪ್ಪುತ್ತದೆ.

ಬೆಳಕು, ಹೊಗೆ, ಹಾವು

ತರೀಕೆರೆಯವರಿಗೆ ವಾಯವ್ಯದಲ್ಲಿ ಭದ್ರಾವತಿ, ಶಿವಮೊಗ್ಗಗಳ ಬೆಳಕು ದಿಗಂತವನ್ನು ಕೆಂಪಾಗಿಸುತ್ತದೆ. ದೂರದ ಊರಿನ ಬೆಳಕಿಗಿಂತ ಹೆಚ್ಚು ಕಾಟ ಕೊಡುವುದು ಪಕ್ಕದ ಕೊಟ್ಟಿಗೆಯ ಎಲ್‌ಇಡಿ ಫೋಕಸ್ ಲೈಟು. ಅದರ ಮುಖವನ್ನು ನೆಲಕ್ಕೆ ತಿರುಗಿಸಿದರೆ ಕಳ್ಳರೂ ಕಾಣುತ್ತಾರೆ, ನಕ್ಷತ್ರಗಳೂ ಕಾಣುತ್ತವೆ. ಅಡಿಕೆ ಬೇಯಿಸುವ ಕಾಲದಲ್ಲಿ ಒಲೆಯ ಹೊಗೆ ತೋಟದ ಮೇಲೆ ಮಟ್ಟಸವಾಗಿ ನಿಲ್ಲುತ್ತದೆ. ತಾರಸಿಗೆ ಹತ್ತುವುದೇ ದಾರಿ. ಡಿಸೆಂಬರಿನ ಇಬ್ಬನಿಗೆ ಲೆನ್ಸ್ ಮಸುಕಾಗದಂತೆ ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಬೇಕು, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಬೇಕು.

ಕತ್ತಲಲ್ಲಿ ತೋಟಕ್ಕೆ ಇಳಿಯುವವರು ಗಮ್‌ಬೂಟು ಹಾಕಿಕೊಳ್ಳಲಿ. ಕೊಳಕುಮಂಡಲ ತರಗಿನ ಮೇಲೆ ಮಲಗಿದ್ದರೆ ಹಗಲಲ್ಲೇ ಕಾಣದು. ಭದ್ರಾ ಕಾಡಿನಂಚಿನ ಊರುಗಳಲ್ಲಿ ಆನೆ ಓಡಾಟದ ಸುದ್ದಿ ಇದ್ದರೆ ಅಂದು ಚಿತ್ರವೇ ಬೇಡ.

ಎಲ್ಲೆ ಎಲ್ಲಿ

ಕಡೂರು ಸಮೀಪದ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಜಾಗ. ಅಲ್ಲಿಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು; ಜೀಪಿನಲ್ಲಿ ಮೃಗವನ್ನು ಅಟ್ಟಿಸಿಕೊಂಡು ಹೋಗಿ ಚಿತ್ರ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಿತ್ತಿಲಿನ ಗೂಡಿಗೂ ಇದೇ ನ್ಯಾಯ. ಚಿತ್ರ ಚೆನ್ನಾಗಿ ಬರಲೆಂದು ಅಡ್ಡ ಕೊಂಬೆ ಕಡಿದರೆ ಮರಿಗಳಿಗೆ ಬಿಸಿಲೂ ಕಾಗೆಯೂ ಒಟ್ಟಿಗೇ ಬರುತ್ತವೆ. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳು ಈಗ ತೆಗೆದುಕೊಳ್ಳುವುದೇ ಇಲ್ಲ, ಅದು ಒಳ್ಳೆಯದೇ ಆಯಿತು.

ತೆಗೆದ ಚಿತ್ರ ಏನಾಗಬೇಕು

ವಾಟ್ಸ್‌ಆ್ಯಪಿಗೆ ಹಾಕಿದ ಚಿತ್ರ ಎರಡು ದಿನದಲ್ಲಿ ಕಳೆದುಹೋಗುತ್ತದೆ. ಹಕ್ಕಿಯಾದರೆ ಇ-ಬರ್ಡ್‌ಗೆ, ಹುಳು-ಚಿಟ್ಟೆಯಾದರೆ ಐನ್ಯಾಚುರಲಿಸ್ಟ್‌ಗೆ ಸೇರಿಸಿದರೆ ಗುರುತು ಹಿಡಿದುಕೊಡುವವರೂ ಸಿಗುತ್ತಾರೆ, ಆ ಜೀವಿ ಆ ದಿನ ಅಲ್ಲಿತ್ತು ಎಂಬ ದಾಖಲೆಯೂ ಉಳಿಯುತ್ತದೆ. ಈ ತಾಣಗಳಲ್ಲಿ ಬೆಂಗಳೂರು, ಮೈಸೂರಿನವರು ತುಂಬಿಕೊಂಡಿದ್ದಾರೆ. ಬಯಲುಸೀಮೆಯ ಹಳ್ಳಿಗಳ ಹಿತ್ತಿಲುಗಳಿಂದ ಇನ್ನೂ ಬರಬೇಕಾದದ್ದು ಬಹಳ. ಆದ್ದರಿಂದ ಪ್ರತಿ ಚಿತ್ರದ ಜೊತೆ ಊರು, ದಿನಾಂಕ, ಗಂಟೆ ಬರೆದಿಡಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಿ.