ಅಡುಗೆಮನೆ ದಾಟಿದ ಹೊಗೆ

ಮನೆಯೊಳಗಿನ ಗಾಳಿ ಎಂದರೆ ಈಗ ಪತ್ರಿಕೆಗಳಲ್ಲಿ ಏರ್ ಪ್ಯೂರಿಫೈಯರ್‌ನ ಮಾತು, ಹೊಸ ಪೇಂಟಿನ ವಾಸನೆಯ ಮಾತು, ಮಲಗುವ ಕೋಣೆಯಲ್ಲಿ ಯಾವ ಗಿಡ ಇಡಬೇಕೆಂಬ ಸಲಹೆ. ಹಳ್ಳಿಯ ಒಲೆಯ ವಿಚಾರ ಎತ್ತಿದರೆ, ಗ್ಯಾಸ್ ಬಂದ ಮೇಲೆ ಅದೆಲ್ಲ ಮುಗಿಯಿತಲ್ಲ ಎನ್ನುತ್ತಾರೆ. ಇನ್ನು ಕೆಲವರು ಈಚಿನ ಒಂದು ದೊಡ್ಡ ಪ್ರಯೋಗದ ಫಲಿತಾಂಶ ತೋರಿಸಿ, ಹೊಗೆಯಿಂದ ಅಂಥ ತೊಂದರೆಯೇ ಇರಲಿಲ್ಲ ಎನ್ನುವವರೆಗೆ ಹೋಗಿದ್ದಾರೆ. ಎರಡೂ ತಪ್ಪು. ಒಲೆ ಕಟ್ಟುವ, ಹೊಗೆ ಅಳೆಯುವ ಕೆಲಸದಲ್ಲೇ ಆಯುಷ್ಯದ ಬಹುಪಾಲು ಕಳೆದವನಾಗಿ ಈ ಕ್ಷೇತ್ರ ಬಂದ ದಾರಿಯನ್ನು ಇಲ್ಲಿ ಹೇಳಬೇಕೆನಿಸಿದೆ.

ಆರಂಭದ ಕಥೆ ಚಿಕ್ಕದು. ವಾರ್ಧಾದ ಮಗನವಾಡಿಯಲ್ಲಿ ಗಾಂಧೀವಾದಿಗಳು ರೂಪಿಸಿದ ಮಗನ್ ಚೂಲಾ, 1950ರ ದಶಕದಲ್ಲಿ ಹೈದರಾಬಾದಿನ ಎಸ್.ಪಿ. ರಾಜು ಪ್ರಚಾರಕ್ಕೆ ತಂದ ಹೊಗೆರಹಿತ ಒಲೆ: ಇವು ಎಂಜಿನಿಯರರ ಕಡೆಯ ಮೊದಲ ಹೆಜ್ಜೆಗಳು. ವೈದ್ಯರ ಕಡೆಯಿಂದ 1959ರಲ್ಲಿ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ದೆಹಲಿಯ ರೋಗಿಗಳ ಬಗ್ಗೆ ಬರೆದ ಪ್ರಬಂಧ ಬಂತು. ಶ್ವಾಸಕೋಶ ಕೆಟ್ಟು ಹೃದಯದ ಬಲಭಾಗ ಸೋಲುವ ಕಾಯಿಲೆ ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲೂ, ಅದೂ ಗಂಡಸರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಾಣಿಸುವುದನ್ನು ಅವರು ಗಮನಿಸಿ ಅಡುಗೆಯ ಹೊಗೆಯತ್ತ ಬೆರಳು ತೋರಿಸಿದರು. ಅಷ್ಟು ಹಿಂದೆಯೇ ನಮ್ಮ ವೈದ್ಯೆಯೊಬ್ಬರು ಹೇಳಿದ್ದನ್ನು ದೇಶ ಎರಡು ದಶಕಕ್ಕೂ ಹೆಚ್ಚು ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲಿನದು ನಮ್ಮ ಕಾಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಘಟಕ ಹುಟ್ಟಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ವಿಜ್ಞಾನಿಗಳು ಮನೆಮನೆಗೆ ಹೋಗಿ ಸೌದೆ ತೂಗಿದರು, ಯಾರು ಎಷ್ಟು ದೂರದಿಂದ ಹೊತ್ತು ತರುತ್ತಾರೆಂದು ಬರೆದುಕೊಂಡರು. ಹಳ್ಳಿಯ ಶಕ್ತಿಬಳಕೆಯ ದೊಡ್ಡ ಪಾಲು ಪಂಪ್‌ಸೆಟ್ಟಿನದಲ್ಲ, ಒಲೆಯದು ಎಂದು ಲೆಕ್ಕ ಸಮೇತ ತೋರಿಸಿದ್ದು ಈ ಕೆಲಸವೇ.

ಅದರ ಫಲ 1980ರ ದಶಕದ ಅಸ್ತ್ರ ಒಲೆ. ಮೂರು ಪಾತ್ರೆಗಳ ಮಣ್ಣಿನ ಒಲೆ, ಒಳಗೆ ಕಬ್ಬಿಣದ ಜಾಲರಿ, ಸೌದೆ ಹಾಕುವ ಬಾಯಿಗೆ ಮುಚ್ಚಳ, ಕೊನೆಗೆ ಹೊಗೆಕೊಳವೆ. ಉರಿಗೆ ಬೇಕಾದಷ್ಟೇ ಗಾಳಿ ಒಳಗೆ ಬರಬೇಕು, ಪಾತ್ರೆ ಕುಣಿಯಲ್ಲಿ ಸಂದಿಯಿಲ್ಲದೆ ಕೂರಬೇಕು, ಬಿಸಿಗಾಳಿ ಮೂರೂ ಪಾತ್ರೆಗಳ ತಳ ಸವರಿಕೊಂಡು ಹೊರಗೆ ಹೋಗಬೇಕು. ಲೋಕ್ರಸ್, ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರು ಇದನ್ನು ಊಹೆಯಿಂದಲ್ಲ, ಅಳತೆಯಿಂದ ರೂಪಿಸಿದರು. ಪ್ರಯೋಗಾಲಯದಲ್ಲಿ ಇದರ ದಕ್ಷತೆ ನೂರಕ್ಕೆ 40ರ ಆಸುಪಾಸು ಮುಟ್ಟಿತು. ಮೂರು ಕಲ್ಲಿನ ಒಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಊದುಕೊಳವೆ ಮೂಲೆ ಸೇರಿತು, ಪಾತ್ರೆಯ ತಳದ ಮಸಿ ಕಡಿಮೆಯಾಯಿತು. ಇಷ್ಟು ಶಿಸ್ತಿನ ಒಲೆ ವಿಜ್ಞಾನ ಈ ದೇಶದಲ್ಲಿ ಮತ್ತೆ ನಡೆದಿಲ್ಲವೆಂದೇ ನನ್ನ ನಂಬಿಕೆ.

ಆದರೆ ಒಲೆ ಊರಿಂದ ಊರಿಗೆ ಹೋದಾಗ ತೊಡಕು ಶುರುವಾಯಿತು. ಮುದ್ದೆ ತೊಳಸುವಾಗ ಬೀಳುವ ಬಲಕ್ಕೆ ಮಣ್ಣಿನ ಅಂಚು ಬಿರುಕುಬಿಡುತ್ತಿತ್ತು. ಜೋಳದ ರೊಟ್ಟಿಯನ್ನು ಕೆಂಡಕ್ಕೆ ತೋರಿಸಿ ಉಬ್ಬಿಸುವವರಿಗೆ ಮುಚ್ಚಿದ ಉರಿ ಒಗ್ಗಲಿಲ್ಲ. ಸೌದೆ ಸಣ್ಣಗೆ ಸೀಳಬೇಕಿತ್ತು, ಕೊಳವೆಯ ಮಸಿ ಆಗಾಗ ತೆಗೆಯಬೇಕಿತ್ತು. 1983ರಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಎರಡು ದಶಕದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಂಚಿತು. ಕಟ್ಟಿದ ಒಲೆ ಲೆಕ್ಕಕ್ಕೆ ಬಂತು. ಅದು ವರ್ಷದ ನಂತರ ಉರಿಯುತ್ತಿದೆಯೇ, ಹೆಂಗಸಿನ ಎದೆಗೆ ಹೋಗುವ ಗಾಳಿ ತಿಳಿಯಾಯಿತೇ ಎಂಬುದು ಬರಲಿಲ್ಲ.

ಆ ಗಾಳಿಯನ್ನು ಅಳೆಯುವುದನ್ನು ಕಲಿಸಿದವರು ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್. ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಉಪಕರಣ ಕಟ್ಟಿ ಅವರೂ ಅವರ ಭಾರತೀಯ ಜೊತೆಗಾರರೂ ತೆಗೆದ ಅಳತೆ 1983ರಲ್ಲಿ ಪ್ರಕಟವಾಯಿತು. ಒಲೆ ಉರಿಯುವಷ್ಟು ಹೊತ್ತು ಘನಮೀಟರ್ ಗಾಳಿಯಲ್ಲಿ ಸುಮಾರು 7 ಮಿಲಿಗ್ರಾಂ ಕಣಗಳು. ನಂತರ ಚೆನ್ನೈನ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ದಕ್ಷಿಣದ ಅಡುಗೆಮನೆಗಳನ್ನು ಅಳೆದರು. ದಮ್ಮು, ಮಕ್ಕಳ ನ್ಯುಮೋನಿಯಾ, ಕಣ್ಣಿನ ಪೊರೆ, ಹೃದ್ರೋಗ ಒಂದೊಂದಾಗಿ ಪಟ್ಟಿ ಸೇರಿದವು. 2020ರಲ್ಲಿ ಮನೆಯ ಇಂಧನದ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

2016ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂತು. ಅದು ದೊಡ್ಡ ಕೆಲಸ, ಒಲೆಯವರಾದ ನಾವೂ ಒಪ್ಪಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಸುತ್ತುಗಳ ನಡುವೆ ಕರ್ನಾಟಕದಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ನೂರಕ್ಕೆ ಸುಮಾರು 55ರಿಂದ 80ಕ್ಕೆ ಏರಿದವು.

ಇನ್ನು ಮೊದಲಲ್ಲಿ ಹೇಳಿದ ಆ ದೊಡ್ಡ ಪ್ರಯೋಗ. ‘ಹಾಪಿನ್’ ಎಂಬ ಅಧ್ಯಯನ ತಮಿಳುನಾಡು, ಗ್ವಾಟೆಮಾಲ, ಪೆರು, ರುವಾಂಡಾಗಳ ಸುಮಾರು 3200 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ಉಚಿತ ಗ್ಯಾಸ್ ಕೊಟ್ಟಿತು. ಸೂಕ್ಷ್ಮ ಕಣಗಳ ಮಟ್ಟ ಸೌದೆಯವರಲ್ಲಿ ಘನಮೀಟರಿಗೆ 70 ಮೈಕ್ರೋಗ್ರಾಂ ಆಸುಪಾಸು ಇದ್ದರೆ ಗ್ಯಾಸಿನವರಲ್ಲಿ 24. ಆದರೂ ಮಕ್ಕಳ ಹುಟ್ಟುತೂಕದಲ್ಲಾಗಲಿ ನ್ಯುಮೋನಿಯಾದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಹೊಗೆ ನಿರಪಾಯ ಎಂಬ ತೀರ್ಮಾನ ಹುಟ್ಟುವುದಿಲ್ಲ. ಬಾಲ್ಯದಿಂದ ಹೊಗೆ ಕುಡಿದ ತಾಯಿಗೆ ಗರ್ಭಿಣಿಯಾದ ಮೇಲೆ ಗ್ಯಾಸ್ ಬಂದಿದೆ. ಸಿಕ್ಕಿದ 24 ಕೂಡ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರ್ಷಿಕ ಮಿತಿ 5ರ ನಾಲ್ಕೈದು ಪಟ್ಟು. ಪದ್ಮಾವತಿಯವರು ಕಂಡ ಕಾಯಿಲೆಯಂತೂ ದಶಕಗಳ ಹೊಗೆಯಿಂದ ಬೆಳೆಯುವಂಥದ್ದು.

ನನಗೆ ಹೆಚ್ಚು ಕಾಡುವ ಕೊರತೆ ಬೇರೆ. ಮೇಲೆ ಹೇಳಿದ ನೂರಕ್ಕೆ 80 ಅಡುಗೆಯ ಇಂಧನದ ಅಂಕಿ. ಮಲೆನಾಡು, ಕರಾವಳಿ, ತುಮಕೂರು, ಹಾಸನದ ಹಳ್ಳಿಗಳಲ್ಲಿ ಗ್ಯಾಸಿನಲ್ಲಿ ಅನ್ನ ಬೇಯಿಸುವ ಎಷ್ಟೋ ಮನೆಗಳ ಬಚ್ಚಲಲ್ಲಿ ಸ್ನಾನದ ನೀರು ಕಾಯಿಸುವ ಹಂಡೆ ಒಲೆ ಇಂದೂ ಬೆಳಗ್ಗೆ ಉರಿಯುತ್ತದೆ. ತೆಂಗಿನ ಗರಿ, ಅಡಿಕೆ ಸಿಪ್ಪೆ, ಹಸಿ ಸೌದೆ, ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ಕವರು. ಬಚ್ಚಲು ಚಿಕ್ಕದು, ಗವಾಕ್ಷಿ ಅಂಗೈಯಗಲ, ಒಲೆಗೆ ಕೊಳವೆಯಿಲ್ಲ. ಬೆಂಕಿ ನೋಡಿಕೊಳ್ಳುವುದು ಹೆಚ್ಚಾಗಿ ಮನೆಯ ಅಜ್ಜಿ, ಎಷ್ಟೋ ಸಲ ಪಕ್ಕದಲ್ಲಿ ಮೈ ಕಾಯಿಸಿಕೊಳ್ಳುವ ಮಗು. ಅಂಥ ಅಜ್ಜಿ ಉಬ್ಬಸಕ್ಕೆಂದು ಆಸ್ಪತ್ರೆಗೆ ಹೋದರೆ ಚೀಟಿಯಲ್ಲಿ ‘ಗ್ಯಾಸ್ ಬಳಕೆ’ ಎಂದೇ ಬರೆಯುತ್ತಾರೆ. ಸಮೀಕ್ಷೆಗೆ ಆ ಮನೆ ಶುದ್ಧ.

ನೀರು ಕಾಯಿಸುವ ಒಲೆಗೂ ಜಾಲರಿ, ಕೊಳವೆ, ಗಾಳಿಯ ಲೆಕ್ಕ ಅನ್ವಯಿಸುತ್ತದೆ, ಕಷ್ಟದ ವಿಜ್ಞಾನವೇನಲ್ಲ. ಸೋಲಾರ್ ನೀರುಕಾಯಿಸುವ ಸಾಧನ ಬೆಂಗಳೂರಿನ ತಾರಸಿಗಳಲ್ಲಿ ದಶಕಗಳಿಂದ ಸಾಮಾನ್ಯ. ಅದನ್ನು ಕುಣಿಗಲ್ಲಿನ ಹೆಂಚಿನ ಮನೆಗೆ ಒಯ್ಯಲು ಬೇಕಾದುದು ಸಹಾಯಧನ ಮತ್ತು ರಿಪೇರಿ ಮಾಡುವ ಒಬ್ಬ ಹುಡುಗ. ಅದಕ್ಕೂ ಮೊದಲು, ಮುಂದಿನ ಸುತ್ತಿನ ಸಮೀಕ್ಷೆಯಲ್ಲಿ ಅಡುಗೆಯ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಲಿ: ಸ್ನಾನದ ನೀರು ಯಾವುದರಲ್ಲಿ ಕಾಯಿಸುತ್ತೀರಿ? ಆ ಕೋಣೆಗೆ ಕಿಟಕಿ ಇದೆಯೇ?