ಐರಿಷ್ ಪಾದ್ರಿಯ ಪತ್ನಿಯ ವಂಶಶೋಧ: ವಿಶಾಖಪಟ್ಟಣ ಮತ್ತು ಬೆಜವಾಡದ ದಾಖಲೆಗಳು

ಬ್ರಿಟಿಷರ ಕಾಲದಲ್ಲಿ ಆಂಧ್ರದ ಕರಾವಳಿಗೆ ಐರ್ಲೆಂಡಿನಿಂದ ಪಾದ್ರಿಗಳು, ಸೈನ್ಯದ ಚಾಪ್ಲಿನ್‌ಗಳು, ಮಿಷನರಿಗಳು ಬಂದರು. ಅವರ ಹೆಂಡತಿಯರ ತವರು ಯಾವುದು, ತಂದೆತಾಯಿ ಯಾರು ಎಂದು ಹಳೆಯ ಕಾಗದಪತ್ರಗಳಿಂದ ಹುಡುಕಿ ತೆಗೆಯುವ ಕೆಲಸ ಇಲ್ಲಿನ ವಿಷಯ. ಗಂಡನನ್ನು ಹುಡುಕುವುದು ಸುಲಭ. ಅವನ ಹೆಸರು ಕಾಲೇಜಿನ ಪಟ್ಟಿಯಲ್ಲಿದೆ. ದೀಕ್ಷೆ, ನೇಮಕ, ವರ್ಗಾವಣೆಗಳ ದಾಖಲೆಗಳಲ್ಲಿದೆ. ಗೋರಿಕಲ್ಲಿನ ಮೇಲೂ ಇದೆ. ಅದೇ ಕಲ್ಲಿನಲ್ಲಿ ಹೆಂಡತಿ ಬರೀ ‘ಇಂಥವರ ಪ್ರಿಯ ಪತ್ನಿ’. ಹೀಗಾಗಿ ಅವಳ ಸುಳಿವು ಹಿಡಿಯಬೇಕಾದರೆ ಅವಳ ಸುತ್ತಲಿದ್ದ ಗಂಡಸರ ಕಾಗದಗಳನ್ನೇ ತಿರುವಬೇಕು: ತಂದೆಯ ಸೈನ್ಯದ ಪಟ್ಟಿ, ಅಣ್ಣನ ಆಸ್ತಿಪತ್ರ, ಮೊದಲ ಗಂಡನ ಉಯಿಲು. ಡಬ್ಲಿನ್‌ನಲ್ಲಿ ಕಡಿದುಹೋದ ಎಳೆ ಅನೇಕ ಸಲ ಮದ್ರಾಸಿನ ದಾಖಲೆಗಳಲ್ಲಿ ಸಿಗುತ್ತದೆ ಎಂಬುದು ಈ ಕ್ಷೇತ್ರದ ವಿಚಿತ್ರ.

ಈ ಕರಾವಳಿಯಲ್ಲಿ ಇಂಗ್ಲಿಷರ ಮೊದಲ ನೆಲೆ ಮಚಲೀಪಟ್ಟಣ, 1611ರಲ್ಲಿ. ವಿಶಾಖಪಟ್ಟಣದ ಕೋಠಿ ಬಂದದ್ದು 1680ರ ದಶಕದಲ್ಲಿ. 1757ರಲ್ಲಿ ಫ್ರೆಂಚರ ಬುಸ್ಸಿ ವಿಶಾಖಪಟ್ಟಣವನ್ನು ಹಿಡಿದ. ಮರುವರ್ಷ ಕ್ಲೈವ್ ಬಂಗಾಳದಿಂದ ಕಳಿಸಿದ ಕರ್ನಲ್ ಫ್ರಾನ್ಸಿಸ್ ಫೋರ್ಡ್ ಚಂದುರ್ತಿಯಲ್ಲಿ ಫ್ರೆಂಚರನ್ನು ಸೋಲಿಸಿ, 1759ರ ಏಪ್ರಿಲ್‌ನಲ್ಲಿ ಮಚಲೀಪಟ್ಟಣದ ಕೋಟೆಯನ್ನು ವಶಪಡಿಸಿಕೊಂಡ. ಈ ಫೋರ್ಡ್ ಐರ್ಲೆಂಡಿನ ಡೌನ್ ಕೌಂಟಿಯವನು. ಉತ್ತರ ಸರ್ಕಾರುಗಳೆಂಬ ಈ ಕರಾವಳಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದದ್ದರಲ್ಲಿ ಒಬ್ಬ ಐರ್ಲೆಂಡಿನವನ ಪಾತ್ರ ಇಷ್ಟು ದೊಡ್ಡದು. ಆ ಬಳಿಕ ಕಂಪನಿಯ ಗೋರಾ ಸೈನ್ಯಕ್ಕೆ ಐರ್ಲೆಂಡಿನ ಬಡ ಹುಡುಗರು ಸಾಲುಸಾಲಾಗಿ ಸೇರಿದರು. ಕಂಪನಿಯ ಹಳೆಯ ಮದ್ರಾಸ್ ಯುರೋಪಿಯನ್ ರೆಜಿಮೆಂಟೇ ಹೆಸರು ಬದಲಿಸುತ್ತ ಬಂದು, 1881ರಲ್ಲಿ ಮುಂಬಯಿಯ ಜೋಡಿ ಪಡೆಯೊಡನೆ ಕೂಡಿ ‘ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್’ ಆಯಿತು. ವಯಸ್ಸಾದ ಗೋರಾ ಸಿಪಾಯಿಗಳ ತುಕಡಿಯೊಂದನ್ನು ವಿಶಾಖಪಟ್ಟಣದಲ್ಲಿ ಇಟ್ಟಿದ್ದರು. ಪಾದ್ರಿಗಳು ಮದುವೆಯಾದ ಹೆಣ್ಣುಗಳನ್ನು ಹುಡುಕುವವರು ಈ ಸೈನಿಕರ, ಕಂಪನಿ ನೌಕರರ, ಮೊದಲೇ ಬಂದು ನೆಲೆಸಿದ್ದ ಮಿಷನರಿಗಳ ಮನೆಗಳತ್ತ ಮೊದಲು ನೋಡುವುದು ಒಳ್ಳೆಯದು. ಹಡಗು ಹತ್ತಿ ಮದುವೆಗೆಂದೇ ಬಂದವರೂ ಇದ್ದರು. ಆದರೆ ಎಲ್ಲ ವಧುಗಳೂ ಹಾಗೆ ಬಂದವರೆಂದು ಮೊದಲೇ ತೀರ್ಮಾನಿಸಿದರೆ ಹುಡುಕಾಟ ದಾರಿ ತಪ್ಪುತ್ತದೆ.

ಮಿಷನರಿಗಳ ಚರಿತ್ರೆ ತಡವಾಗಿ ಶುರುವಾಗುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆ ಗ್ರಾಂಜ್ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದರು; ಕ್ರಾನ್ 1809ರಲ್ಲಿ, ಡೆ ಗ್ರಾಂಜ್ 1810ರಲ್ಲಿ ತೀರಿಕೊಂಡರು. ಅದೇ 1810ರಲ್ಲಿ ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೆಲಸ ಆರಂಭಿಸಿ, ಮುಂದೆ ಬೈಬಲನ್ನು ಕನ್ನಡಕ್ಕೆ ತಂದರು. ಆಂಗ್ಲಿಕನ್ನರ ಚರ್ಚ್ ಮಿಷನರಿ ಸೊಸೈಟಿಯಿಂದ ರಾಬರ್ಟ್ ನೋಬಲ್ ಮತ್ತು ಹೆನ್ರಿ ಫಾಕ್ಸ್ 1841ರಲ್ಲಿ ಮಚಲೀಪಟ್ಟಣಕ್ಕೆ ಬಂದರು. ಈ ಸೊಸೈಟಿಗೆ 1814ರಿಂದಲೇ ಡಬ್ಲಿನ್‌ನಲ್ಲಿ ಹೈಬರ್ನಿಯನ್ ಶಾಖೆ ಇತ್ತು. ಬೆಜವಾಡ (ಇಂದಿನ ವಿಜಯವಾಡ) ಆಗ ಚಿಕ್ಕ ಊರು. 1852ರಿಂದ 1855ರವರೆಗೆ ಕೃಷ್ಣಾ ನದಿಗೆ ಆಣೆಕಟ್ಟು ಕಟ್ಟಿದ ಮೇಲೆ ಅಲ್ಲಿ ಎಂಜಿನಿಯರುಗಳು, ಮೇಸ್ತ್ರಿಗಳು, ಅವರ ಹಿಂದೆಯೇ ಮಿಷನ್ ಬಂತು. ಶತಮಾನದ ಕೊನೆಯ ಭಾಗದಲ್ಲಿ ಬಳ್ಳಾರಿ–ಕೃಷ್ಣಾ ರೈಲುದಾರಿ ಗುಂತಕಲ್ಲಿನಿಂದ ಬೆಜವಾಡದ ಕಡೆಗೆ ಹೋಯಿತು. ಸದರನ್ ಮರಾಠಾ ರೈಲ್ವೆ ಅದನ್ನು ನಡೆಸುತ್ತಿತ್ತು. ಹುಬ್ಬಳ್ಳಿಯಲ್ಲಿದ್ದ ವರ್ಕ್‌ಶಾಪೂ ಅದೇ ಕಂಪನಿಯದು. ಆಮೇಲೆ ಈಸ್ಟ್ ಕೋಸ್ಟ್ ರೈಲ್ವೆ ಬೆಜವಾಡವನ್ನು ವಿಶಾಖಪಟ್ಟಣದ ವಾಲ್ಟೇರಿಗೆ ಜೋಡಿಸಿತು. ರೈಲಿನೊಡನೆ ಬಂದ ಗಾರ್ಡು, ಡ್ರೈವರುಗಳ ಮನೆಗಳಲ್ಲೂ ಐರಿಷ್ ಉಪನಾಮಗಳು ಕಾಣುತ್ತವೆ.

ಈ ಶೋಧದ ಬೆನ್ನೆಲುಬು ಚರ್ಚಿನ ನೋಂದಣಿ ಪುಸ್ತಕ. ಚಾಪ್ಲಿನ್ ತಾನು ಮಾಡಿಸಿದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ತನ್ನ ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಮದ್ರಾಸಿಗೆ ಕಳಿಸುತ್ತಿದ್ದ. ಅಲ್ಲಿಂದ ಇನ್ನೊಂದು ಪ್ರತಿ ಲಂಡನ್‌ಗೆ ಹೋಗುತ್ತಿತ್ತು. ಲಂಡನ್ನಿನಲ್ಲಿ ಇಂಡಿಯಾ ಆಫೀಸ್ ದಾಖಲೆಗಳೊಡನೆ ಉಳಿದಿರುವ ಮದ್ರಾಸ್ ಸರಣಿ 1698ರಿಂದ ಆರಂಭವಾಗುತ್ತದೆ. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಊರಿನ ಮೂಲ ಪುಸ್ತಕ ಗೆದ್ದಲು, ಮಳೆ, ಬಿರುಗಾಳಿಗಳಿಗೆ ಸಿಕ್ಕಿದ್ದರೂ ಪ್ರತಿ ಉಳಿದಿದೆ. 1864ರ ನವೆಂಬರ್ 1ರ ಚಂಡಮಾರುತದಲ್ಲಿ ಸಮುದ್ರ ಉಕ್ಕಿ ಮಚಲೀಪಟ್ಟಣದ ಕಡೆ ಸುಮಾರು 30,000 ಜನ ಸತ್ತರು ಎಂಬುದನ್ನು ನೆನೆದರೆ ದೂರದ ಪ್ರತಿಯ ಬೆಲೆ ತಿಳಿಯುತ್ತದೆ. ಹುಡುಕುವವರು ಊರ ಹೆಸರುಗಳಲ್ಲಿ ಎಚ್ಚರದಿಂದಿರಬೇಕು. ವಿಶಾಖಪಟ್ಟಣ ಕೆಲವೆಡೆ ವೈಜಾಗಪಟಂ, ಕೆಲವೆಡೆ ವಾಲ್ಟೇರ್. ಕೃಷ್ಣಾ ಜಿಲ್ಲೆ 1859ರಲ್ಲಿ ಆಗುವವರೆಗೆ ಬೆಜವಾಡ ಮಚಲೀಪಟ್ಟಣಕ್ಕೆ ಸೇರಿತ್ತು. ಅಲ್ಲಿನ ಹಳೆಯ ಮದುವೆಯನ್ನು ಮಚಲೀಪಟ್ಟಣದಡಿ ನೋಡಬೇಕಾಗುತ್ತದೆ. ಬಳ್ಳಾರಿ 1953ರವರೆಗೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಮಂಗಳೂರು ಇನ್ನೂ ಮೂರು ವರ್ಷ ಹೆಚ್ಚು. ಆದ್ದರಿಂದ ಅವೆರಡರ ಗೋರಾ ಕುಟುಂಬಗಳೂ ಇದೇ ಸರಣಿಯಲ್ಲಿ ಸಿಗುತ್ತವೆ.

ನಮ್ಮ ಕಡೆಯ ರೈತರಿಗೆ ವಂಶದ ಇಂಥ ಲೆಕ್ಕ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುವ ಹೆಳವರು ಮನೆತನದ ವಂಶಾವಳಿ ಒಪ್ಪಿಸಿ ಕಾಳುಕಡಿ ಪಡೆದು ಹೋಗುತ್ತಾರೆ. ಆಂಧ್ರದಲ್ಲಿ ಪಿಚ್ಚಿಗುಂಟ್ಲವರದೂ ಇದೇ ವೃತ್ತಿ. ಗೋರಾ ದೊರೆಗಳ ಮನೆಗೆ ಅಂಥ ಹೆಳವ ಯಾರೂ ಇರಲಿಲ್ಲ; ಆ ಕೆಲಸವನ್ನು ಚರ್ಚಿನ ಗುಮಾಸ್ತ ಮಾಡಿದ.

ಮದುವೆಯ ನಮೂದು ನೋಡಲು ಸಣ್ಣದು. ವರನ ಹೆಸರು, ಹುದ್ದೆ. ವಧು ಅವಿವಾಹಿತೆಯೋ ವಿಧವೆಯೋ. ಊರು, ದಿನಾಂಕ, ಸಾಕ್ಷಿಗಳು. ತಂದೆಯ ಹೆಸರು ಕ್ರಮವಾಗಿ ಬರುವುದು 19ನೆಯ ಶತಮಾನದ ಮಧ್ಯದಿಂದೀಚೆಗೆ. ಅದಕ್ಕೂ ಹಿಂದಿನ ಮದುವೆಯಲ್ಲಿ ಸಾಕ್ಷಿಗಳ ಸಹಿಯೇ ಆಧಾರ: ವಧುವಿನ ಅಣ್ಣನೋ ಭಾವನೋ ಅಲ್ಲಿ ಇರುವ ಸಂಭವ ಹೆಚ್ಚು. ‘ವಿಧವೆ’ ಎಂದು ಬರೆದಿದ್ದರೆ ಕೆಲಸ ಎರಡು ಪಟ್ಟು. ಜ್ವರ, ವಾಂತಿಭೇದಿಗಳ ಆ ನಾಡಿನಲ್ಲಿ ಗಂಡ ಸತ್ತು ವರ್ಷ ತುಂಬುವುದರೊಳಗೆ ಮರುಮದುವೆಯಾದವರು ಬಹಳ. ಅಂಥವಳ ಹೆಸರಿನ ಮುಂದಿರುವುದು ತವರಿನ ಉಪನಾಮವಲ್ಲ, ಮೊದಲ ಗಂಡನದು. ಇದನ್ನು ಮರೆತು ಸತ್ತವನ ಅಪ್ಪನನ್ನೇ ವಧುವಿನ ಅಪ್ಪನೆಂದು ಬರೆದ ವಂಶವೃಕ್ಷಗಳು ಅಪರೂಪವಲ್ಲ. ವಿಧವೆಯರ ಪಿಂಚಣಿ ಕಾಗದಗಳು ಇಂಥಲ್ಲಿ ನೆರವಿಗೆ ಬರುತ್ತವೆ. 1770ರ ಕ್ಲೈವ್ ನಿಧಿ, 1808ರ ಮದ್ರಾಸ್ ಸೈನಿಕ ನಿಧಿಗಳು ಹಣ ಕೊಡುವ ಮೊದಲು ಮದುವೆಯ, ಮಕ್ಕಳ ಜನ್ಮದ ಪುರಾವೆ ಕೇಳುತ್ತಿದ್ದವು. ಹಣದ ಲೆಕ್ಕ ಇಟ್ಟವರು ಹೆಂಗಸರ ವಿಷಯದಲ್ಲಿ ದೇವರ ಲೆಕ್ಕ ಇಟ್ಟವರಿಗಿಂತ ಹೆಚ್ಚು ವಿವರ ಬರೆದಿಟ್ಟಿದ್ದಾರೆ.

ಇನ್ನು ಐರ್ಲೆಂಡಿನ ಕಡೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಗೊಂಡು ಸುಟ್ಟಿತು. ಐರ್ಲೆಂಡಿನ ಅಧಿಕೃತ ಪ್ರಾಟೆಸ್ಟಂಟ್ ಚರ್ಚಿನ ಸುಮಾರು ಸಾವಿರ ಪ್ಯಾರಿಷ್‌ಗಳ ನೋಂದಣಿ ಪುಸ್ತಕಗಳು, ಮೂಲ ಉಯಿಲುಗಳು, 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಬೂದಿಯಾದವು. 1861ರಿಂದ 1891ರವರೆಗಿನ ಗಣತಿಯ ಹಾಳೆಗಳನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. ಇಡಿಯಾಗಿ ಉಳಿದದ್ದು 1901 ಮತ್ತು 1911ರವು ಮಾತ್ರ. ಕ್ಯಾಥೊಲಿಕರ, ಪ್ರೆಸ್ಬಿಟೀರಿಯನ್ನರ ಪುಸ್ತಕಗಳು ಆ ಕಚೇರಿಯಲ್ಲಿ ಇರಲಿಲ್ಲ, ಹಾಗಾಗಿ ಬದುಕಿದವು. ಸರ್ಕಾರದ ಕೃಪೆಯಲ್ಲಿದ್ದ ಚರ್ಚಿನ ಪುಸ್ತಕಗಳೇ ಸುಟ್ಟವು. ಭಾರತಕ್ಕೆ ಬಂದ ಆಂಗ್ಲಿಕನ್ ಪಾದ್ರಿಯ ಹೆಂಡತಿ ಐರ್ಲೆಂಡಿನವಳಾಗಿದ್ದರೆ ಸಾಮಾನ್ಯವಾಗಿ ಹುಟ್ಟಿದ್ದು ಇದೇ ಚರ್ಚಿನ ಮನೆಗಳಲ್ಲಿ. ಅವಳ ಜ್ಞಾನಸ್ನಾನದ ನಮೂದು ಡಬ್ಲಿನ್‌ನಲ್ಲಿ ಉರಿದುಹೋಗಿದ್ದರೂ ವಿಶಾಖಪಟ್ಟಣದ ಮದುವೆಯ ಪ್ರತಿ ಲಂಡನ್ನಿನಲ್ಲಿ ಸುರಕ್ಷಿತವಾಗಿತ್ತು.

ಐರ್ಲೆಂಡಿನಲ್ಲಿ ಉಳಿದವುಗಳಲ್ಲಿ ಅತಿ ಉಪಯುಕ್ತವಾದದ್ದು 1708ರಲ್ಲಿ ಆರಂಭವಾದ ಪತ್ರಗಳ ನೋಂದಣಿ ಕಚೇರಿ. ಅದು ಬೇರೆ ಕಟ್ಟಡದಲ್ಲಿತ್ತು. ಮದುವೆಗೆ ಮುನ್ನ ಹುಡುಗಿಯ ಹೆಸರಿನಲ್ಲಿ ಇಡುವ ಹಣ, ಜಮೀನಿನ ಕರಾರುಗಳನ್ನು ಅಲ್ಲಿ ದಾಖಲಿಸುತ್ತಿದ್ದರು. ಅಂಥ ಒಂದು ಕರಾರಿನಲ್ಲಿ ಅವಳ ತವರಿನ ಉಪನಾಮ, ತಂದೆ, ಅಣ್ಣತಮ್ಮಂದಿರು, ಕೆಲವೊಮ್ಮೆ ಅಜ್ಜನವರೆಗೂ ಹೆಸರುಗಳಿರುತ್ತವೆ. ಆಸ್ತಿ ಇಲ್ಲದವರಿಗೆ ಇದು ಪ್ರಯೋಜನಕ್ಕೆ ಬಾರದು. ಐರಿಷ್ ಪಾದ್ರಿಗಳ ಪಟ್ಟಿಗಳನ್ನು ಕ್ಯಾನನ್ ಜೇಮ್ಸ್ ಲೆಸ್ಲಿ ಜೀವಮಾನವಿಡೀ ಸಂಗ್ರಹಿಸಿದರು. ಲಂಡನ್ ಮಿಷನ್ನಿನವರಿಗೆ ಜೇಮ್ಸ್ ಸಿಬ್ರೀ 1923ರಲ್ಲಿ ಪ್ರಕಟಿಸಿದ ಮಿಷನರಿಗಳ ರಿಜಿಸ್ಟರ್ ಇದೆ. ಹೆಂಡತಿಯರ ತವರಿನ ಹೆಸರುಗಳನ್ನೂ ಅದು ಕೊಡುತ್ತದೆ.

ದಕ್ಷಿಣ ಭಾರತದಲ್ಲಿ ಎಲ್ಲರಿಗೂ ತಿಳಿದ ಉದಾಹರಣೆ ಬಿಷಪ್ ರಾಬರ್ಟ್ ಕಾಲ್ಡ್‌ವೆಲ್‌ರ ಮನೆಯದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಬರೆದು ಕನ್ನಡ, ತೆಲುಗು, ತಮಿಳುಗಳ ನಂಟನ್ನು ತೋರಿಸಿದವರು ಅವರು. ಹುಟ್ಟಿದ್ದು 1814ರಲ್ಲಿ, ಐರ್ಲೆಂಡಿನ ಆಂಟ್ರಿಮ್ ಕೌಂಟಿಯಲ್ಲಿ, ಸ್ಕಾಟಿಷ್ ಮನೆತನದಲ್ಲಿ. ಹೆಂಡತಿ ಎಲಿಜಾ ಮಾಲ್ಟ್‌ರ ಮೂಲವನ್ನು ಐರ್ಲೆಂಡಿನಲ್ಲಿ ಹುಡುಕಿದರೆ ಏನೂ ಸಿಗದು. ಅವರು ನಾಗರಕೋಯಿಲಿನ ಮಿಷನರಿ ಚಾರ್ಲ್ಸ್ ಮಾಲ್ಟ್‌ರ ಮಗಳು, ತಿರುವಾಂಕೂರಿನಲ್ಲೇ ಬೆಳೆದವರು, ಎಳವೆಯಿಂದ ತಮಿಳು ಕೇಳಿದವರು. ತಾಯಿ ಮಾರ್ಥಾ ಅಲ್ಲಿನ ಹೆಣ್ಣುಮಕ್ಕಳಿಗೆ ಲೇಸ್ ಹೆಣೆಯುವುದನ್ನು ಕಲಿಸಿದವರು. 1844ರಲ್ಲಿ ಮದುವೆಯಾದಾಗ ಗಂಡ ಈ ನಾಡಿಗೆ ಬಂದು ಆರು ವರ್ಷ ಆಗಿತ್ತಷ್ಟೆ. ನಾಗರಕೋಯಿಲು ಸಂಸ್ಥಾನದ ಊರು, ಮಾಲ್ಟ್ ಆಂಗ್ಲಿಕನ್ ಅಲ್ಲ. ಆದ್ದರಿಂದ ಇಲ್ಲಿ ಮಿಷನ್ನಿನ ಕಾಗದಗಳೇ ಮೊದಲ ಆಧಾರ.

ಇನ್ನೊಬ್ಬ ಎಲಿಜಾಳ ಕತೆ ಬೆಜವಾಡಕ್ಕೆ ಹತ್ತಿರದ್ದು. ಕಾದಂಬರಿಕಾರ ಲಾರೆನ್ಸ್ ಸ್ಟರ್ನ್ ಐರ್ಲೆಂಡಿನ ಕ್ಲಾನ್ಮೆಲ್‌ನಲ್ಲಿ 1713ರಲ್ಲಿ ಹುಟ್ಟಿದ ಪಾದ್ರಿ. ಅವನ ಹೆಂಡತಿ ಎಲಿಜಬೆತ್ ಲಮ್ಲಿ. ಆದರೆ 1767ರಲ್ಲಿ ಲಂಡನ್‌ನಲ್ಲಿ ಅವನ ಮನಸ್ಸು ಸೆಳೆದವಳು ಎಲಿಜಾ ಡ್ರೇಪರ್: ಕೇರಳದ ಅಂಜೆಂಗೋದಲ್ಲಿ 1744ರಲ್ಲಿ ಹುಟ್ಟಿ, 14ನೆಯ ವಯಸ್ಸಿನಲ್ಲೇ ಮುಂಬಯಿಯ ಕಂಪನಿ ನೌಕರನನ್ನು ಮದುವೆಯಾದವಳು. 1773ರಲ್ಲಿ ಗಂಡನ ಮನೆ ಬಿಟ್ಟು ಹಡಗೇರಿ, ರಾಜಮಹೇಂದ್ರಿಯ ಕಡೆ ಇದ್ದ ಸೋದರಮಾವ ಥಾಮಸ್ ವೈಟ್‌ಹಿಲ್‌ನ ಆಸರೆಗೆ ಬಂದಳು. ಮರುವರ್ಷ ಇಂಗ್ಲೆಂಡಿಗೆ ಹೊರಟಳು. ಸ್ಟರ್ನ್ ಕೈಹಿಡಿದ ಹೆಂಡತಿಗಿಂತ ಈ ಹೆಂಗಸಿನ ವಂಶದ ಬಗ್ಗೆಯೇ ಜನ ಹೆಚ್ಚು ತಲೆ ಕೆಡಿಸಿಕೊಂಡರು. 1922ರಲ್ಲಿ ಅವಳ ಬದುಕಿನ ಪುಸ್ತಕ ಬರೆದ ಇಬ್ಬರಲ್ಲಿ ಒಬ್ಬರಾದ ವಿಲಿಯಂ ಸ್ಕ್ಲೇಟರ್ ಅವಳ ತವರಿನ ಮನೆತನದವರೇ. ಅವಳ ಪತ್ರಗಳು ಉಳಿದವು, ಅದರಿಂದ ಅವಳೂ ಉಳಿದಳು.

ಗೋರಿಕಲ್ಲುಗಳ ಬರಹಗಳನ್ನು ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಒಟ್ಟುಮಾಡಿ ಅಚ್ಚು ಹಾಕಿಸಿದರು. ವಿಶಾಖಪಟ್ಟಣದ ಹಳೆಯ ಸ್ಮಶಾನದ ಕಲ್ಲುಗಳಲ್ಲಿ ಉಪ್ಪುಗಾಳಿಗೆ ಅಕ್ಷರ ಅಳಿದವು ಇವೆ. ಅಂಥವಕ್ಕೆ ಈ ಪುಸ್ತಕವೇ ಗತಿ. 1976ರಲ್ಲಿ ಹುಟ್ಟಿದ ಬ್ರಿಟಿಷ್ ಸಂಘವೊಂದು ದಕ್ಷಿಣ ಏಷ್ಯಾದ ಸ್ಮಶಾನಗಳನ್ನು ದಾಖಲಿಸುತ್ತಿದೆ. ಲಂಡನ್ನಿನ ನೋಂದಣಿಗಳ ಬಹುಭಾಗವನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದು. ಡಬ್ಲಿನ್‌ನಲ್ಲಿ ಸುಟ್ಟ ಕಡತಗಳ ಪ್ರತಿಗಳನ್ನು ಲೋಕದೆಲ್ಲೆಡೆಯಿಂದ ಹೆಕ್ಕಿ ಕಟ್ಟಿದ ಡಿಜಿಟಲ್ ಖಜಾನೆ, ಬೆಂಕಿಗೆ ನೂರು ವರ್ಷ ತುಂಬಿದ 2022ರಲ್ಲಿ ತೆರೆಯಿತು.

ಕಠಿಣವಾದ ಭಾಗ ಇರುವುದು ತಾಯಿಯ ಕಡೆ. ಮದ್ರಾಸಿನಲ್ಲಿ 1787ರಲ್ಲಿ ಶುರುವಾದ ಹೆಣ್ಣುಮಕ್ಕಳ ಅನಾಥಾಲಯದಲ್ಲಿ ಗೋರಾ ಸೈನಿಕರ ಹೆಣ್ಣುಮಕ್ಕಳು ಬೆಳೆದರು. ಅವರಲ್ಲಿ ಅನೇಕರ ತಾಯಂದಿರು ಈ ನಾಡಿನವರು. ಜ್ಞಾನಸ್ನಾನದ ಪುಸ್ತಕದಲ್ಲಿ ಅಪ್ಪನಿಗೆ ಹೆಸರು, ದರ್ಜೆ, ರೆಜಿಮೆಂಟು ಎಲ್ಲ ಇವೆ. ತಾಯಿಯ ಜಾಗ ಖಾಲಿ, ಇಲ್ಲವೇ ‘ದೇಶೀಯ ಹೆಂಗಸು’. ಕ್ರೈಸ್ತಳಾಗಿ ಹೆಸರು ಬದಲಿಸಿದ್ದರೆ ಹಳೆಯ ತೆಲುಗು ಹೆಸರು ಅಲ್ಲಿಗೇ ಮುಗಿಯಿತು. ಅಪ್ಪನ ಉಯಿಲಿನಲ್ಲಿ ಅವಳಿಗೆಂದು ತಿಂಗಳಿಗಿಷ್ಟು ರೂಪಾಯಿ ಎಂದು ಬರೆದಿದ್ದರೆ ಮಾತ್ರ ಸುಳಿವು. ಈಚೆಗೆ ಡಿಎನ್ಎ ಪರೀಕ್ಷೆ ಈ ಜಾಗಕ್ಕೆ ಬಂದಿದೆ. ಸೂರತ್ತಿನಲ್ಲಿದ್ದ ಎಲಿಜಾ ಕೆವಾರ್ಕ್ ಎಂಬಾಕೆ ಬ್ರಿಟನ್ನಿನ ರಾಜಕುಮಾರ ವಿಲಿಯಂನ ತಾಯಿಯ ಕಡೆಯ ಮೂಲಜ್ಜಿ (ಮೂರನೆಯ ಎಲಿಜಾ ಬಂದದ್ದು ಕಾಕತಾಳೀಯ). ಅವಳನ್ನು ಅರ್ಮೇನಿಯನ್ ಎಂದು ಭಾವಿಸಿದ್ದರು. ತಾಯಿಯ ಕಡೆಯ ಮೂಲವಾದರೂ ಭಾರತದ್ದು ಎಂದು 2013ರಲ್ಲಿ ಪರೀಕ್ಷೆ ನಡೆಸಿದವರು ಹೇಳಿದರು. ಆ ಪರೀಕ್ಷೆ ನೋಡಿದ್ದು ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುವ ಅಂಶವನ್ನು. ನಡುವೆ ಎಲ್ಲಿಯಾದರೂ ಒಬ್ಬ ಗಂಡುಮಗ ಬಂದರೆ ಆ ಸರಪಳಿ ಕಡಿಯುತ್ತದೆ. ಉಳಿದ ವಂಶವಾಹಿಗಳಲ್ಲಿ ಅಜ್ಜಿಯ ಪಾಲು ತಲೆಮಾರಿಗೊಮ್ಮೆ ಹೆಚ್ಚುಕಡಮೆ ಅರ್ಧವಾಗುತ್ತ, ಏಳೆಂಟು ತಲೆಮಾರಿನಾಚೆ ಗುರುತಿಗೆ ಸಿಗದಷ್ಟು ತೆಳುವಾಗುತ್ತದೆ.